ಪಂಜರದ ಸೀಬಾಸ್‌ಗೆ ವೈರಸ್ ಬಂದಾಗ ಜೀನ್ ನೋಡ್ಲಿಕ್ಕೆ ಸ್ಯಾಂಪಲ್ ತೆಗೆಯುದು ಹೇಗೆ

ಮೊದ್ಲೇ ಹೇಳಿ ಬಿಡ್ತೇನೆ, ಸತ್ತ ಮೀನು ಬೇಡ. ಐಸ್ ಹಾಕಿ ಚಂದ ಮಾಡಿ ಇಟ್ಟ ಸತ್ತ ಮೀನೂ ಬೇಡ. ನಾನು ಎಂಎಫ್‌ಎಸ್‌ಸಿ, ಅಂದ್ರೆ ಮೀನುಗಾರಿಕೆಯ ಸ್ನಾತಕೋತ್ತರ ಪದವಿ, ಮಾಡ್ತಿದ್ದಾಗ ಉಡುಪಿ ಹತ್ರ ಕೋಡಿಬೆಂಗ್ರೆ ಕಡೆ ಹೊಳೆಯಲ್ಲಿ ಪಂಜರ ಹಾಕಿ ಸೀಬಾಸ್, ಅಂದ್ರೆ ನಮ್ಮ ಕುರುಡಿ ಸಾಕಿದವ್ರೊಬ್ರು ಫೋನ್ ಮಾಡಿದ್ರು, ಮರಿ ಎಲ್ಲ ಗಿರಗಿರ ತಿರುಗಿ ಸಾಯ್ತಾ ಉಂಟು, ಬನ್ನಿ ಅಂತ. ನಾನು ಅಲ್ಲಿ ಹೋಗಿ "ಅಣ್ಣ, ಜೀವ ಇರುದು ಒಂದಷ್ಟು ಬೇಕಿತ್ತು" ಅಂದದ್ದಕ್ಕೆ ಅವ್ರು "ಎಂತ ಮಾರಾಯ್ರೆ, ಸತ್ತದ್ದು ಬಕೆಟ್ ತುಂಬ ಉಂಟು, ನಿಮಗೋಸ್ಕರ ಐಸ್ ಹಾಕಿ ಇಟ್ಟಿದ್ದೇನೆ, ಜೀವ ಇರುದನ್ನ ಕೇಳಿದ್ರೆ ಹೇಗೆ?" ಅಂದ್ರು. ಪಾಪ, ಅವ್ರದ್ದೂ ಸರಿ. ನಂಗೆ ನಾಚಿಕೆ ಆಗಿ ಬಕೆಟಿನದ್ದೇ 18 ಮೀನು ತಗೊಂಡು ಬಂದೆ. ಅದ್ರ ಆರ್‌ಎನ್‌ಎ ತೆಗೆದು ಗಟ್ಟಿ ಉಂಟಾ ಅಂತ ನೋಡ್ಲಿಕ್ಕೆ ಜೆಲ್ ಮೇಲೆ ಓಡಿಸಿದ್ರೆ ಬ್ಯಾಂಡೇ ಇಲ್ಲ, ಗಂಜಿತಿಳಿ ಚೆಲ್ಲಿದ ಹಾಗೆ ಮೇಲಿಂದ ಕೆಳಗೆ ತನಕ ಒಂದು ಗೀರು. ಹದಿನೆಂಟಕ್ಕೆ ಹದಿನೆಂಟೂ ಹೋಯ್ತು. ಆಮೇಲೆ ಎಷ್ಟು ದೊಡ್ಡ ಮಷೀನಿಗೆ ಹಾಕಿದ್ರೂ ಅದು ಸರಿ ಆಗುದಿಲ್ಲ, ಯಾಕಂದ್ರೆ ಇಡೀ ಕೆಲಸದ ಹಣೆಬರಹ ಬರೆಯುದು ಹೊಳೆಬದಿಯಲ್ಲಿ, ಮೀನು ನೀರಿಂದ ಮೇಲೆ ಬಂದ ಮೊದಲ ಐದು ನಿಮಿಷದಲ್ಲಿ. ಜೂನಿಯರ್ಸ್ ಪದೇ ಪದೇ ಕೇಳ್ತಾರೆ ಅಂತ ಒಮ್ಮೆ ಸರಿಯಾಗಿ ಬರೆದು ಹಾಕ್ತಾ ಇದ್ದೇನೆ.

ಯಾಕೆ ಸತ್ತದ್ದು ಆಗುದಿಲ್ಲ? ಯಕ್ಷಗಾನ ಮೇಳದವ್ರ ಹತ್ರ ನೂರು ಪ್ರಸಂಗ ಇರ್ತದೆ ಅಲ್ವಾ, ಆದ್ರೆ ಇವತ್ತು ರಾತ್ರಿ ಯಾವ ಆಟ ಅನ್ನುದು ಬೇರೆ ವಿಷಯ. ಡಿಎನ್‌ಎ ಅಂದ್ರೆ ಪೆಟ್ಟಿಗೆಯಲ್ಲಿರುವ ಎಲ್ಲ ಪ್ರಸಂಗ, ಮೀನು ಆರಾಮಾಗಿದ್ರೂ ಕಾಯಿಲೆ ಬಿದ್ರೂ ಅದು ಅಷ್ಟೇ. ಮೆಸೆಂಜರ್ ಆರ್‌ಎನ್‌ಎ ಅಂದ್ರೆ ಇವತ್ತಿನ ಆಟ. ಜೀನ್ ಎಕ್ಸ್‌ಪ್ರೆಶನ್ ನೋಡುದು ಅಂದ್ರೆ ಈ ಗಳಿಗೆಯಲ್ಲಿ ಯಾವ ಆಟ ನಡೀತಾ ಉಂಟು, ಚೆಂಡೆ ಎಷ್ಟು ಜೋರು ಅಂತ ನೋಡುದು. ಡಿಎನ್‌ಎ ಗಟ್ಟಿ, ಸತ್ತ ಮೇಲೂ ಸುಮಾರು ಹೊತ್ತು ಉಳೀತದೆ. ಆರ್‌ಎನ್‌ಎ ಹಾಗಲ್ಲ, ಅದನ್ನ ಕತ್ತರಿಸುವ ಆರ್‌ಎನ್‌ಏಸ್ ಅನ್ನುವ ಕಿಣ್ವ ಮೀನಿನ ಅಂಗಾಂಶದಲ್ಲೇ ಉಂಟು, ನಮ್ಮ ಬೆವರಲ್ಲಿ ಉಂಟು, ದೋಣಿಯ ಹಲಗೆ ಮೇಲೂ ಉಂಟು. ನಮ್ಮ ಸೆಖೆಗೆ ಕೇಳುದೇ ಬೇಡ.

ಇನ್ನು ಏನನ್ನ ಹುಡುಕುದು ಅಂತ ಚೂರು ಗೊತ್ತಿದ್ರೆ ಯಾವ ಅಂಗ ತೆಗೀಬೇಕು ಅಂತ ತನ್ನಿಂದ ತಾನೇ ಗೊತ್ತಾಗ್ತದೆ. ವೈರಸ್ ಜೀವಕೋಶದ ಒಳಗೆ ಹೋಗಿ ತನ್ನ ಕಾಪಿ ಮಾಡುವಾಗ ಎರಡೆಳೆಯ ಆರ್‌ಎನ್‌ಎ ಹುಟ್ತದೆ, ಆರೋಗ್ಯದ ಕೋಶದಲ್ಲಿ ಅಂಥದ್ದು ಅಷ್ಟೆಲ್ಲ ಇರುದಿಲ್ಲ. ಅದನ್ನ ಗುರುತು ಹಿಡಿಯುದು ಕಾವಲುಗಾರ ಪ್ರೋಟೀನ್‌ಗಳು, ಎಂಡಿಎ-5, ಟಿಎಲ್‌ಆರ್-3, ಮತ್ತೆ ಮೀನಿನಲ್ಲಿರುವ ಟಿಎಲ್‌ಆರ್-22, ಈ ಕೊನೆಯದ್ದು ಮನುಷ್ಯರಲ್ಲಿ ಇಲ್ಲ. ಇವು ಸಿಗ್ನಲ್ ಕೊಟ್ಟ ಮೇಲೆ ಐಆರ್‌ಎಫ್-3, ಐಆರ್‌ಎಫ್-7 ಅನ್ನುವ ಸ್ವಿಚ್ ಪ್ರೋಟೀನ್‌ಗಳು ಎದ್ದು ಇಂಟರ್‌ಫೆರಾನ್ ಜೀನನ್ನ ಆನ್ ಮಾಡ್ತವೆ. ಇಂಟರ್‌ಫೆರಾನ್ ಆ ಕೋಶದಿಂದ ಹೊರಗೆ ಬಂದು ಪಕ್ಕದ ಕೋಶಗಳಿಗೂ ಸುದ್ದಿ ಮುಟ್ಟಿಸ್ತದೆ, ಅವು ಬಾಗಿಲು ಹಾಕಿ ಕತ್ತಿ ಹಿಡಿದು ಕೂತ್ಕೊಳ್ತವೆ. ಆ ಕತ್ತಿಗಳೇ ವೈರಸ್ ತಡೆಯುವ ಪ್ರೋಟೀನ್‌ಗಳಾದ ಎಂಎಕ್ಸ್, ಐಎಸ್‌ಜಿ-15, ವೈಪೆರಿನ್, ಪಿಕೆಆರ್. ಇಂಟರ್‌ಫೆರಾನ್ ಜೀನ್ ಬೇಗ ಎದ್ದು ಬೇಗ ಇಳೀತದೆ, ಎಂಎಕ್ಸ್ ಸ್ವಲ್ಪ ತಡವಾಗಿ ಏರಿ ಜಾಸ್ತಿ ಹೊತ್ತು ನಿಲ್ತದೆ. ಅದಕ್ಕೇ ಪಂಜರದಿಂದ ಒಂದೇ ದಿನ ಸ್ಯಾಂಪಲ್ ತೆಗೆಯುವವ್ರಿಗೆ ಎಂಎಕ್ಸ್ ಸೇಫ್, ಇಂಟರ್‌ಫೆರಾನ್ ಒಂದನ್ನೇ ನಂಬಿ ಕೂತ್ರೆ ಆಟ ಮುಗಿದ ಮೇಲೆ ಗದ್ದೆಗೆ ಹೋದ ಹಾಗೆ ಆಗ್ತದೆ.

ಸೀಬಾಸ್‌ನಲ್ಲಿ ಎರಡು ವೈರಸ್ ಮನಸ್ಸಲ್ಲಿಟ್ಟುಕೊಳ್ಳಿ. ಒಂದು ನೋಡಾವೈರಸ್, ಹೆಚ್ಚಾಗಿ ಮರಿಗಳಿಗೆ, ಮೆದುಳು ಮತ್ತೆ ಕಣ್ಣಿನ ರೆಟಿನಾದಲ್ಲಿ ತೂತು ತೂತು ಮಾಡ್ತದೆ, ಅದಕ್ಕೇ ಮರಿ ಕಪ್ಪಾಗಿ, ಬ್ಯಾಲೆನ್ಸ್ ತಪ್ಪಿ, ತಿರುಗ್ತಾ ಈಜುದು. ಅದು ಆರ್‌ಎನ್‌ಎ ವೈರಸ್, ಎರಡೇ ತುಂಡಿನ ಜೀನೋಮ್. ಇನ್ನೊಂದು ಇರಿಡೋವೈರಸ್ ಜಾತಿಯದ್ದು, ರೆಡ್ ಸೀಬ್ರೀಮ್ ಇರಿಡೋವೈರಸ್ ಅಂತ, ನಮ್ಮ ಪಶ್ಚಿಮ ಕರಾವಳಿಯ ಅಳಿವೆ ಪಂಜರದ ಸೀಬಾಸ್‌ನಲ್ಲೇ ಬಂದದ್ದು 2020ರಲ್ಲಿ ವರದಿ ಆಗಿದೆ. ಅದು ಡಿಎನ್‌ಎ ವೈರಸ್, ಕೂತು ಬಿಡುದು ಗುಲ್ಮದಲ್ಲಿ (ಸ್ಪ್ಲೀನ್) ಮತ್ತೆ ಕಿಡ್ನಿಯಲ್ಲಿ, ಮೀನು ಮಂಕಾಗಿ ಕಿವಿರು ಬಿಳಿಚಿಕೊಳ್ತದೆ, ಗುಲ್ಮ ದೊಡ್ಡದಾಗ್ತದೆ. ಹಾಗಾಗಿ ಮೆದುಳು, ಕಣ್ಣು, ಗುಲ್ಮ, ಹೆಡ್ ಕಿಡ್ನಿ ಅಂದ್ರೆ ಕಿಡ್ನಿಯ ಮುಂದಿನ ತುದಿ, ಈ ನಾಲ್ಕು ತೆಗೆದ್ರೆ ಎರಡೂ ಕಡೆಗೆ ಆಗ್ತದೆ. ಹೆಡ್ ಕಿಡ್ನಿ ಯಾಕೆ ಅಂದ್ರೆ ಮೀನಿಗೆ ನಮ್ಮ ಹಾಗೆ ಮೂಳೆಯ ಮಜ್ಜೆ ಇಲ್ಲ, ರಕ್ತಕಣ ಮತ್ತೆ ರೋಗನಿರೋಧಕ ಕಣ ಹುಟ್ಟುದು ಹೆಚ್ಚಾಗಿ ಅಲ್ಲೇ. ಲಿವರ್ ತೆಗೆಯುವವ್ರು ಇದ್ದಾರೆ, ಸುಲಭಕ್ಕೆ ಸಿಗ್ತದಲ್ಲ ಅಂತ, ನಂಗೆ ಅದ್ರಲ್ಲಿ ನಂಬಿಕೆ ಕಡಿಮೆ.

ಹೊರಡುವ ಮೊದ್ಲು ಎಥಿಕ್ಸ್ ಕಮಿಟಿ ಒಪ್ಪಿಗೆ ಕೈಯಲ್ಲಿರ್ಲಿ, ಆಮೇಲೆ ಪೇಪರ್ ಕಳಿಸುವಾಗ ಓಡಾಡುದು ಬೇಡ. ಮತ್ತೆ ಎಷ್ಟು ಮೀನು ಅಂತ ಮೊದ್ಲೇ ಲೆಕ್ಕ ಹಾಕಿ. ನಾನಂತೂ ಕಾಯಿಲೆ ಕಾಣುವ 6, ಅದೇ ಪಂಜರದಲ್ಲಿ ಚಂದ ಈಜುವ 6, ಮತ್ತೆ ಕಾಯಿಲೆ ಬಾರದ ಬೇರೆ ಪಂಜರದ್ದು 6 ಅಂತ ಇಟ್ಟುಕೊಳ್ತೇನೆ. ಈ ಮೂರನೇ ಗುಂಪನ್ನ ಬಿಟ್ಟು ಬಿಡುವವ್ರೇ ಜಾಸ್ತಿ. ಅದೇ ಪಂಜರದಲ್ಲಿ ಚಂದ ಕಾಣುವ ಮೀನು ಕಂಟ್ರೋಲ್, ಅಂದ್ರೆ ಹೋಲಿಸಿ ನೋಡುವ ಆರೋಗ್ಯದ ಮೀನು, ಅಲ್ಲ ಮಾರಾಯ್ರೆ, ಅದು ಅದೇ ನೀರು ಕುಡಿದದ್ದು, ಅದ್ರ ಒಳಗೆ ಎಂಎಕ್ಸ್ ಆಗ್ಲೇ ಎದ್ದಿರಬಹುದು. ಬೇರೆ ಪಂಜರ ಅಂದ್ರೆ ಸುಮ್ಮನೆ ಬೇರೆ ಊರಿನದ್ದು ತರುದಲ್ಲ, ಅದೇ ವಯಸ್ಸು, ಹತ್ತಿರ ಹತ್ತಿರ ಅದೇ ಸೈಜ್, ಆದಷ್ಟು ಅದೇ ಹ್ಯಾಚರಿಯ ಮರಿ, ಅದೇ ದಿನ ಅದೇ ಹೊತ್ತಿಗೆ ತೆಗೆದದ್ದು. ಮಳೆಗಾಲದಲ್ಲಿ ಹೊಳೆ ನೀರಿನ ಉಪ್ಪು ದಿಢೀರ್ ಅಂತ ಇಳೀತದೆ, ಆ ಸ್ಟ್ರೆಸ್‌ಗೇ ಕಾರ್ಟಿಸಾಲ್ ಹಾರ್ಮೋನ್ ಏರಿ ರೋಗನಿರೋಧಕ ಜೀನ್‌ಗಳು ಮೇಲೆ ಕೆಳಗೆ ಆಗ್ತವೆ, ಆಗ ಮೇ ತಿಂಗಳಲ್ಲಿ ತೆಗೆದ ಕಂಟ್ರೋಲ್ ತಂದು ಜುಲೈ ಕಾಯಿಲೆ ಮೀನಿನ ಪಕ್ಕ ಇಟ್ರೆ ನೀವು ನೋಡುದು ವೈರಸ್ಸನ್ನಾ ಮಳೆಯನ್ನಾ? ನೀರಿನ ಉಷ್ಣತೆ, ಉಪ್ಪು, ಆಮ್ಲಜನಕ ಮೂರೂ ಬರ್ಕೊಳ್ಳಿ. ಮೀನಿನ ಮೈ ನೀರಿನಷ್ಟೇ ಬಿಸಿ ಇರುದ್ರಿಂದ ಈ ಜೀನ್‌ಗಳ ಸ್ಪೀಡೂ ನೀರಿನ ಬಿಸಿ ಮೇಲೆ ಹೋಗ್ತದೆ.

ಸಾಮಾನು. ಆರ್‌ಎನ್‌ಎ ಹಾಳಾಗದ ಹಾಗೆ ಇಡ್ಲಿಕ್ಕೆ ಆರ್‌ಎನ್‌ಎ-ಲೇಟರ್ ಅಂತ ದ್ರಾವಣ ಸಿಗ್ತದೆ, ರೇಟ್ ನೋಡಿದ್ರೆ ಮಂಡೆಬಿಸಿ ಆಗ್ತದೆ. ಆದ್ರೆ ಅದು ಎಂತ ದೊಡ್ಡ ರಹಸ್ಯ ಅಲ್ಲ, ಅಮೋನಿಯಂ ಸಲ್ಫೇಟಿನ ಗಟ್ಟಿ ದ್ರಾವಣ, ಲ್ಯಾಬಲ್ಲೇ ಮಾಡ್ಲಿಕ್ಕೆ ಆಗ್ತದೆ. 935 ಎಂಎಲ್ ಆರ್‌ಎನ್‌ಏಸ್ ಇಲ್ಲದ ನೀರು, ಅರ್ಧ ಮೋಲಾರ್ ಇಡಿಟಿಎ 40 ಎಂಎಲ್, ಒಂದು ಮೋಲಾರ್ ಸೋಡಿಯಂ ಸಿಟ್ರೇಟ್ 25 ಎಂಎಲ್, 700 ಗ್ರಾಂ ಅಮೋನಿಯಂ ಸಲ್ಫೇಟ್. ಸ್ವಲ್ಪ ಬಿಸಿ ಮಾಡಿ ಕದಡ್ತಾ ಇರಿ, ಕರಗ್ಲಿಕ್ಕೆ ಹೊತ್ತು ಹಿಡೀತದೆ, ತಣಿದ ಮೇಲೆ ಸಲ್ಫ್ಯೂರಿಕ್ ಆಸಿಡ್ ಹನಿ ಹನಿ ಹಾಕಿ ಪಿಎಚ್ 5.2ಕ್ಕೆ ತನ್ನಿ. ನಾವು ಎರಡು ವರ್ಷ ಇದ್ರಲ್ಲೇ ಕಳೆದದ್ದು. 2 ಎಂಎಲ್ ಟ್ಯೂಬಿಗೆ ಒಂದೂವರೆ ಎಂಎಲ್ ತುಂಬಿಸಿ ಹಿಂದಿನ ದಿನವೇ ರ‍್ಯಾಕಲ್ಲಿಡಿ, ದೋಣಿಯಲ್ಲಿ ಕೂತು ತುಂಬಿಸ್ಲಿಕ್ಕೆ ಹೋಗ್ಬೇಡಿ. ಇದ್ರ ಜೊತೆ ಹಿಸ್ಟೋಪೆಥಾಲಜಿಗೆ, ಅಂದ್ರೆ ಅಂಗಾಂಶವನ್ನ ಮೈಕ್ರೋಸ್ಕೋಪಲ್ಲಿ ನೋಡ್ಲಿಕ್ಕೆ, 10 ಪರ್ಸೆಂಟ್ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್ ಬಾಟಲಿ, ಇರಿಡೋವೈರಸ್ ಪಿಸಿಆರ್‌ಗೆ (ವೈರಸ್ಸಿನ ಡಿಎನ್‌ಎ ಕಾಪಿ ಮಾಡಿ ಹುಡುಕುವ ಟೆಸ್ಟ್) 95 ಪರ್ಸೆಂಟ್ ಆಲ್ಕೋಹಾಲ್ ಟ್ಯೂಬ್.

ಹೆಸರು ಬರೆಯುದು ಪೆನ್ಸಿಲಲ್ಲಿ, ಚಿಕ್ಕ ಕಾಗದದ ಚೀಟಿಯಲ್ಲಿ, ಚೀಟಿ ಆಲ್ಕೋಹಾಲ್ ಟ್ಯೂಬಿನ ಮತ್ತೆ ಫಾರ್ಮಲಿನ್ ಬಾಟಲಿಯ ಒಳಗೆ. ಆರ್‌ಎನ್‌ಎ ಟ್ಯೂಬಿಗೆ ಒಳಗೆ ಚೀಟಿ ಬೇಡ, ಮುಚ್ಚಳದ ಮೇಲೆ ನಂಬರ್ ಕೆತ್ತಿ. ಮಾರ್ಕರ್ ಪೆನ್ನಲ್ಲಿ ಹೊರಗೆ ಬರೆದು, ಮೇಲಿಂದ ಒಂದು ಹನಿ ಆಲ್ಕೋಹಾಲ್ ಬಿದ್ದು, ಯಾವುದು ಕಾಯಿಲೆ ಯಾವುದು ಕಂಟ್ರೋಲ್ ಅಂತ ಗೊತ್ತಾಗದೆ ಟ್ಯೂಬ್ ಮುಂದಿಟ್ಟು ಕೂತ ಅನುಭವ ನಂಗುಂಟು.

ಈಗ ಪಂಜರದ ಹತ್ರ. ಒಂದ್ಸಲಕ್ಕೆ ಒಂದೇ ಮೀನು, ಇಬ್ರು ಇದ್ರೆ ಎರಡು. ಬಲೆಯಲ್ಲಿ ಇಪ್ಪತ್ತು ಮೀನು ಎತ್ತಿ ಬಕೆಟಿಗೆ ಹಾಕಿ ಆರಾಮಲ್ಲಿ ಒಂದೊಂದೇ ಕೊಯ್ತಾ ಕೂತ್ರೆ ಕೊನೆಯ ಮೀನು ಒಂದು ಗಂಟೆ ಉಸಿರುಗಟ್ಟಿ ಒದ್ದಾಡಿರ್ತದೆ, ಅದ್ರ ಜೀನ್ ಕತೆಯೇ ಬೇರೆ. ಅರಿವಳಿಕೆಗೆ ಎಂಎಸ್-222 ಇದ್ರೆ ಒಳ್ಳೇದು, ಇಲ್ಲದಿದ್ರೆ ಲವಂಗದ ಎಣ್ಣೆ. ಎಣ್ಣೆ ಸೀದ ನೀರಿಗೆ ಹಾಕಿದ್ರೆ ಮೇಲೆ ತೇಲ್ತದೆ, ಒಂದು ಪಾಲು ಎಣ್ಣೆಗೆ ಒಂಬತ್ತು ಪಾಲು ಆಲ್ಕೋಹಾಲ್ ಸೇರಿಸಿ, ಆ ಮಿಶ್ರಣ 10 ಲೀಟರ್ ಹೊಳೆ ನೀರಿಗೆ 5 ಎಂಎಲ್ ಹಾಕಿ. ಮೀನು ಮಗುಚಿ ಬಿದ್ದು ಬಾಲ ಹಿಡಿದ್ರೂ ಅಲ್ಲಾಡದೆ ಇದ್ದಾಗ ತೆಗೆದು ತಲೆಯ ಹಿಂದೆ ಬೆನ್ನುಹುರಿ ಕತ್ತರಿಸಿ. ಅಲ್ಲಿಂದ ಟೈಮ್ ಶುರು, ಫೋನಲ್ಲಿ ಸ್ಟಾಪ್‌ವಾಚ್ ಇಡಿ, ಐದು ನಿಮಿಷದಲ್ಲಿ ನಾಲ್ಕೂ ಅಂಗ ದ್ರಾವಣದಲ್ಲಿ ಮುಳುಗಿರ್ಬೇಕು.

ಕೊಯ್ಯುವ ಕ್ರಮ ನಾನು ಮಾಡುದು ಹೀಗೆ, ಮೊದ್ಲು ಮೆದುಳು, ಯಾಕಂದ್ರೆ ಅದು ಮೆತ್ತಗೆ, ಬೇಗ ಹಾಳಾಗುದು. ಬೆರಳುದ್ದದ ಮರಿಯದ್ದಾದ್ರೆ ತಲೆಬುರುಡೆ ಸಪೂರ, ಕಣ್ಣಿನ ಹಿಂದಿನಿಂದ ಚೂಪು ಕತ್ತರಿಯಲ್ಲಿ ಮುಚ್ಚಳದ ಹಾಗೆ ಎಬ್ಬಿಸಿದ್ರೆ ಬಿಳಿ ಮೆದುಳು ಕಾಣ್ತದೆ. ಆಮೇಲೆ ಕಣ್ಣು, ಇಡೀ ಕಣ್ಣನ್ನ ಹಾಗೇ ಹಾಕ್ಬೇಡಿ, ಕೊಯ್ದು ಹಾಕಿ, ಇಲ್ಲದಿದ್ರೆ ದ್ರಾವಣ ಒಳಗೆ ಇಳಿಯುದಿಲ್ಲ. ಮತ್ತೆ ಹೊಟ್ಟೆ ಬಿಚ್ಚಿ, ಕರುಳಿನ ಹತ್ರ ಕಡು ಕೆಂಪು ಚಿಕ್ಕ ಉಂಡೆ ಗುಲ್ಮ. ಹೆಡ್ ಕಿಡ್ನಿ ಹುಡುಕ್ಲಿಕ್ಕೆ ಹೊಸಬರು ಒದ್ದಾಡ್ತಾರೆ. ಕರುಳು, ಗಾಳಿಚೀಲ ಎಲ್ಲ ಬದಿಗೆ ಸರಿಸಿದ್ರೆ ಬೆನ್ನೆಲುಬಿಗೆ ಅಂಟಿಕೊಂಡು ಕಪ್ಪು ಕೆಂಪು ಪಟ್ಟಿ ಒಂದು ಕಾಣ್ತದೆ, ಮನೆಯಲ್ಲಿ ಮೀನು ಕ್ಲೀನ್ ಮಾಡುವಾಗ ಉಗುರಲ್ಲಿ ಕೆರೆದು ತೆಗೀತೇವಲ್ಲ, ರಕ್ತ ಅಂತ ನಾವು ತಿಳ್ಕೊಂಡದ್ದು, ಅದೇ ಕಿಡ್ನಿ. ಅದ್ರ ಮುಂದಿನ ತುದಿ ಕಿವಿರಿನ ಹಿಂದೆ ಎರಡು ಕವಲಾಗಿ ದಪ್ಪ ಆಗ್ತದೆ, ಅಷ್ಟೇ ನಮಗೆ ಬೇಕಾದ್ದು. ಎಲ್ಲ ತುಂಡೂ ಅರ್ಧ ಸೆಂಟಿಮೀಟರಿಗಿಂತ ಸಪೂರ ಇರ್ಲಿ, ಅಂಗಾಂಶಕ್ಕಿಂತ ದ್ರಾವಣ ಕಡಿಮೆ ಅಂದ್ರೂ 5 ಪಟ್ಟು ಇರ್ಲಿ. ದೊಡ್ಡ ತುಂಡು ಹಾಕಿದ್ರೆ ಉಪ್ಪಿನಕಾಯಿಗೆ ಇಡೀ ಮಾವಿನಕಾಯಿ ಹಾಕಿದ ಹಾಗೆ, ಹೊರಗೆ ಉಪ್ಪು ಹಿಡಿದು ಒಳಗೆ ಕೊಳೆತು ಹೋಗ್ತದೆ.

ಪ್ರತಿ ಮೀನಿಗೆ ಕತ್ತರಿ ತೊಳೆಯುದು, ಆಲ್ಕೋಹಾಲ್‌ನಲ್ಲಿ ಒರೆಸುದು, ಗ್ಲೌಸ್ ಬದಲಿಸುದು. ಬೆವರು ಮೂಗಿನ ತುದಿಯಿಂದ ಟ್ಯೂಬಿಗೆ ಬೀಳ್ತದೆ, ಹಣೆಗೆ ಒಂದು ಟವೆಲ್ ಕಟ್ಟಿ, ಚಂದ ಕಾಣ್ಬೇಕಂತ ಇಲ್ಲ. ಕಂಟ್ರೋಲ್ ಪಂಜರಕ್ಕೆ ಮೊದ್ಲು ಹೋಗಿ, ಕಾಯಿಲೆ ಪಂಜರಕ್ಕೆ ಕೊನೆಗೆ. ನೋಡಾವೈರಸ್ ನೀರಲ್ಲಿ ತುಂಬ ದಿನ ಬದುಕುವ ಗಟ್ಟಿ ಪಿಂಡ, ನಿಮ್ಮ ಬಕೆಟು ಬಲೆಯಿಂದಲೇ ಆರೋಗ್ಯದ ಪಂಜರಕ್ಕೆ ಹೋದ್ರೆ ಆ ಮನುಷ್ಯ ಮತ್ತೆ ನಿಮ್ಮನ್ನ ಹೊಳೆಗೆ ಇಳಿಸ್ಲಿಕ್ಕಿಲ್ಲ.

ತರುವ ವಿಷಯದಲ್ಲಿ ಜನ ಸುಮ್ಮನೆ ಹೆದರ್ತಾರೆ. ಈ ದ್ರಾವಣಕ್ಕೆ ಬಿದ್ದ ಮೇಲೆ 25 ಡಿಗ್ರಿಯಲ್ಲಿ ಒಂದು ವಾರ, 37 ಡಿಗ್ರಿಯಲ್ಲೂ ಒಂದು ದಿನ ತಡೀತದೆ. ಮಲ್ಪೆಯ ಐಸ್ ಪ್ಲಾಂಟಿನಿಂದ ಒಂದು ಚೀಲ ಪುಡಿ ಐಸ್, ಒಂದು ಥರ್ಮೋಕೋಲ್ ಬಾಕ್ಸ್, ಅಷ್ಟು ಸಾಕು. ನಾನು ಸಂತೆಕಟ್ಟೆಯಲ್ಲಿ ಎಕ್ಸ್‌ಪ್ರೆಸ್ ಬಸ್ ಹತ್ತಿ ಮಂಗಳೂರು ತನಕ ಬಾಕ್ಸನ್ನ ತೊಡೆ ಮೇಲೆ ಇಟ್ಕೊಂಡು ಬಂದದ್ದು, ಕಂಡಕ್ಟರ್ "ಬಂಗುಡೆಯಾ? ರೇಟ್ ಎಷ್ಟು ಇವತ್ತು?" ಅಂತ ಕೇಳಿದ, ಮೆದುಳು ಅಂತ ಹೇಳಿದ್ರೆ ಇಳಿಸಿ ಬಿಡ್ತಾನೆ ಅಂತ ಹೂಂ ಅಂದೆ. ಲ್ಯಾಬಿಗೆ ಬಂದ ಕೂಡ್ಲೇ ಸೀದ ಮೈನಸ್ 80ಕ್ಕೆ ಹಾಕ್ಬೇಡಿ, ಒಂದು ರಾತ್ರಿ 4 ಡಿಗ್ರಿ ಫ್ರಿಜ್ಜಲ್ಲಿ ಇಟ್ರೆ ದ್ರಾವಣ ಪೂರ್ತಿ ಒಳಗೆ ಇಳೀತದೆ, ಮರುದಿನ ದ್ರಾವಣ ಬಸಿದು ಮೈನಸ್ 80.

ಲ್ಯಾಬಿನ ಕೆಲಸ ಪುಸ್ತಕದಲ್ಲಿ ಉಂಟು, ಎಡವುವ ಜಾಗ ಮಾತ್ರ ಹೇಳ್ತೇನೆ. ತುಂಡನ್ನ ಟಿಶ್ಯೂ ಪೇಪರಲ್ಲಿ ಒತ್ತಿ ಉಪ್ಪು ನೀರು ತೆಗೆದು ಮತ್ತೆ ಆರ್‌ಎನ್‌ಎ ಬೇರ್ಪಡಿಸುವ ಟ್ರೈಝಾಲ್‌ಗೆ ಹಾಕಿ, 1 ಎಂಎಲ್‌ಗೆ 50ರಿಂದ 100 ಮಿಲಿಗ್ರಾಂ, ಗುಲ್ಮ ಆದ್ರೆ ಇನ್ನೂ ಕಡಿಮೆ ಹಾಕಿ, ಡಿಎನ್‌ಎ ತುಂಬ ಇದ್ದು ಅಂಟಂಟು ಆಗ್ತದೆ. ಟ್ರೈಝಾಲ್‌ನಲ್ಲಿ ಫೀನಾಲ್ ಉಂಟು, ಚರ್ಮ ಸುಡ್ತದೆ, ಹುಡ್ ಒಳಗೇ ಮಾಡಿ. ಮತ್ತೆ ಚೆಲ್ಲಿದ ಟ್ರೈಝಾಲ್ ಮೇಲೆ ಬ್ಲೀಚ್ ಸುರೀಬೇಡಿ, ವಿಷದ ಗ್ಯಾಸ್ ಬರ್ತದೆ, ಇದನ್ನ ಯಾರೂ ಹೇಳಿ ಕೊಡುದಿಲ್ಲ. ಕ್ಲೋರೋಫಾರ್ಮ್ ಹಾಕಿ ತಿರುಗಿಸಿದ ಮೇಲೆ ಮೇಲಿನ ತಿಳಿ ಪದರ ತೆಗೆಯುವಾಗ ಆಸೆ ಬೇಡ, ಮಧ್ಯದ ಬಿಳಿ ಕೆನೆ ಹತ್ರ ಪಿಪೆಟ್ ಹೋಗ್ಬಾರ್ದು. 260/280, ಅಂದ್ರೆ ಆ ಎರಡು ನ್ಯಾನೋಮೀಟರ್ ಬೆಳಕನ್ನ ಸ್ಯಾಂಪಲ್ ಹೀರುವ ಅನುಪಾತ, ಹತ್ತಿರ ಹತ್ತಿರ 2 ಬಂದ್ರೆ ಶುದ್ಧ ಇದೆ ಅಂತ, ಗಟ್ಟಿ ಇದೆ ಅಂತಲ್ಲ. ನನ್ನ ಹದಿನೆಂಟು ಗಂಜಿತಿಳಿಯೂ 2 ತೋರಿಸಿತ್ತು! ಗಟ್ಟಿತನ ನೋಡ್ಲಿಕ್ಕೆ ಜೆಲ್ಲೇ ಆಗ್ಬೇಕು, 28ಎಸ್ ಮತ್ತೆ 18ಎಸ್ ಅನ್ನುವ ರೈಬೋಸೋಮ್ ಆರ್‌ಎನ್‌ಎಯ ಎರಡು ಬ್ಯಾಂಡ್ ಸ್ಪಷ್ಟ ಕಾಣ್ಬೇಕು. ಉಳಿದ ಡಿಎನ್‌ಎ ಕತ್ತರಿಸುವ ಡಿಎನ್‌ಏಸ್ ಟ್ರೀಟ್‌ಮೆಂಟ್ ಬಿಡ್ಬೇಡಿ, ಎಲ್ಲ ಸ್ಯಾಂಪಲ್‌ನಿಂದಲೂ ಒಂದೇ ಅಳತೆಯ ಆರ್‌ಎನ್‌ಎ, ಹೇಳುದಾದ್ರೆ 1 ಮೈಕ್ರೋಗ್ರಾಂ, ತಗೊಂಡು ಸಿಡಿಎನ್‌ಎ, ಅಂದ್ರೆ ಆರ್‌ಎನ್‌ಎಯ ಡಿಎನ್‌ಎ ಕಾಪಿ, ಮಾಡಿ.

ಪ್ರೈಮರ್, ಅಂದ್ರೆ ಪಿಸಿಆರ್‌ನಲ್ಲಿ ಬೇಕಾದ ಜೀನನ್ನ ಹುಡುಕಿ ಹಿಡಿಯುವ ಚಿಕ್ಕ ಡಿಎನ್‌ಎ ತುಂಡು, ಇನ್ನೊಬ್ರ ಪೇಪರಿಂದ ಕಣ್ಣು ಮುಚ್ಚಿ ಇಳಿಸ್ಬೇಡಿ. ಸೀಬಾಸ್‌ನ ಜೀನೋಮ್ 2016ರಲ್ಲೇ ಬಂದಿದೆ, ಎನ್‌ಸಿಬಿಐ ವೆಬ್‌ಸೈಟಲ್ಲಿ ಪ್ರೈಮರ್ ಪರೀಕ್ಷಿಸುವ ಪ್ರೈಮರ್-ಬ್ಲಾಸ್ಟ್ ಫ್ರೀ ಉಂಟು, ಒಮ್ಮೆ ಓಡಿಸಿ ನೋಡಿ. ಸೀಬಾಸ್ ಸೇರಿದ ಟೆಲಿಯೋಸ್ಟ್ ಗುಂಪಿನ ಮೀನುಗಳ ಪೂರ್ವಜರಲ್ಲಿ ಇಡೀ ಜೀನೋಮೇ ಒಮ್ಮೆ ಡಬಲ್ ಆಗಿತ್ತು, ಹಾಗಾಗಿ ಒಂದೇ ಹೆಸರಿನ ಜೀನಿಗೆ ಅಣ್ಣ ತಮ್ಮ ಇರ್ತಾರೆ, ನೀವು ಒಬ್ಬನನ್ನ ಕರೆದ್ರೆ ಇಬ್ರೂ ಬರ್ತಾರೆ. ಕಾಪಿ ಆಗುವ ತುಂಡು 80ರಿಂದ 200 ಬೇಸ್ ಉದ್ದ, ಎರಡು ಎಕ್ಸಾನ್ (ಮೆಸೆಂಜರ್ ಆರ್‌ಎನ್‌ಎಯಲ್ಲಿ ಉಳಿಯುವ ಜೀನಿನ ಭಾಗ) ಸೇರುವ ಜಾಗದ ಮೇಲೆ ಕೂರುವ ಪ್ರೈಮರ್, ಕಾಪಿಯನ್ನ ಬಿಸಿ ಮಾಡಿ ನೋಡುವ ಮೆಲ್ಟ್ ಕರ್ವ್‌ನಲ್ಲಿ ಒಂದೇ ಶಿಖರ. ಹತ್ತು ಹತ್ತು ಪಟ್ಟು ತೆಳು ಮಾಡಿದ ಐದು ಡೈಲ್ಯೂಶನ್ ಹಾಕಿ ಎಫಿಶಿಯನ್ಸಿ, ಅಂದ್ರೆ ಪ್ರತಿ ಸುತ್ತಿಗೆ ಸರಿಯಾಗಿ ಡಬಲ್ ಆದ್ರೆ 100, 90ರಿಂದ 110 ಪರ್ಸೆಂಟ್ ಒಳಗೆ ಉಂಟಾ ನೋಡಿ.

ಲೆಕ್ಕ ಹೇಗೆ ಅಂತ ಒಂದು ಉದಾಹರಣೆ ನಾನೇ ಕಟ್ಟಿ ಹೇಳ್ತೇನೆ. ಸಿಟಿ ಅಂದ್ರೆ ರಿಯಲ್ ಟೈಮ್ ಪಿಸಿಆರ್‌ನಲ್ಲಿ ಎಷ್ಟನೇ ಸುತ್ತಿಗೆ ಸಿಗ್ನಲ್ ಬಂತು ಅನ್ನುದು, ಅದು ಕಡಿಮೆ ಇದ್ದಷ್ಟು ಆ ಜೀನ್ ಜಾಸ್ತಿ. ಕಂಟ್ರೋಲ್ ಮೀನಲ್ಲಿ ಎಂಎಕ್ಸ್ ಸಿಟಿ 27.5, ಬದಲಾಗುದಿಲ್ಲ ಅಂತ ಹೋಲಿಕೆಗೆ ಇಟ್ಟ ರೆಫರೆನ್ಸ್ ಜೀನ್ ಬೀಟಾ ಆಕ್ಟಿನ್ 18, ವ್ಯತ್ಯಾಸ 9.5. ಕಾಯಿಲೆ ಮೀನಲ್ಲಿ ಎಂಎಕ್ಸ್ 23.2, ಆಕ್ಟಿನ್ 18.2, ವ್ಯತ್ಯಾಸ 5. ಎರಡರ ನಡುವೆ 4.5, ಒಂದೊಂದು ಸಿಟಿಗೂ ಡಬಲ್ ಆಗ್ತದಲ್ಲ, 2ನ್ನ 4.5ರ ಘಾತಕ್ಕೆ ಏರಿಸಿದ್ರೆ ಸುಮಾರು 22.6. ಅಂದ್ರೆ ಎಂಎಕ್ಸ್ 22 ಪಟ್ಟು ಮೇಲೆ. ಇದೇ ಲಿವಾಕ್ ಮತ್ತೆ ಶ್ಮಿಟ್‌ಜೆನ್ 2001ರಲ್ಲಿ ಬರೆದ ವಿಧಾನ, ಎಲ್ರೂ ಬಳಸುದು. ಈಗ ನೋಡಿ ಮಜಾ, ಕಾಯಿಲೆಯಿಂದಾಗಿ ಆಕ್ಟಿನ್ ಜೀನೇ ಇಳಿದು ಅದ್ರ ಸಿಟಿ 18.2ರ ಬದಲು 20.2 ಬಂತು ಅಂತ ಇಟ್ಟುಕೊಳ್ಳಿ, ಎಂಎಕ್ಸ್ ಹಾಗೇ ಉಂಟು. ವ್ಯತ್ಯಾಸ 3, 9.5ರಿಂದ ಕಳೆದ್ರೆ 6.5, ಉತ್ತರ 90 ಪಟ್ಟು! ಎಂಎಕ್ಸ್ ಒಂದು ಕೂದಲಿನಷ್ಟೂ ಜಾಸ್ತಿ ಆಗ್ಲಿಲ್ಲ, ಗ್ರಾಫ್ ಮಾತ್ರ ನಾಲ್ಕು ಪಟ್ಟು ಉದ್ದ. ಆದ್ದರಿಂದ ಒಂದೇ ರೆಫರೆನ್ಸ್ ಜೀನ್ ನಂಬಿ ಕೂರ್ಬೇಡಿ, ಆಕ್ಟಿನ್, ಇಎಫ್-1 ಆಲ್ಫಾ, 18ಎಸ್ ಮೂರನ್ನೂ ಹಾಕಿ ಯಾವುದು ಅಲುಗಾಡುದಿಲ್ಲ ನೋಡಿ, ಎರಡಾದ್ರೂ ಇಟ್ಟುಕೊಂಡು ಜಿಯೋಮೆಟ್ರಿಕ್ ಸರಾಸರಿ ತೆಗೀರಿ. ನೀರು ಮಾತ್ರ ಹಾಕಿದ ಗುಳಿ, ಸಿಡಿಎನ್‌ಎ ಮಾಡುವ ಕಿಣ್ವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕದ ಸ್ಯಾಂಪಲಿನ ಗುಳಿ, ಎರಡೂ ಪ್ರತಿ ಪ್ಲೇಟಲ್ಲಿ ಇರ್ಲೇಬೇಕು.

ಇನ್ನು ಪಂಜರದವ್ರಿಗೆ ಏನು ಹೇಳುದು ಅನ್ನುದೇ ಕಷ್ಟದ್ದು. ಎಂಎಕ್ಸ್ 22 ಪಟ್ಟು ಅಂದ ಕೂಡ್ಲೇ ಅವ್ರು "ಹಾಗಾದ್ರೆ ನಮ್ಮ ಮೀನಿಗೆ ಶಕ್ತಿ ಬಂತಾ?" ಅಂತ ಕೇಳ್ತಾರೆ. ಇಲ್ಲ, ಮೀನು ಹೊಡೆದಾಡ್ತಾ ಉಂಟು ಅಂತ ಮಾತ್ರ ಅರ್ಥ, ಗೆದ್ದಿದೆ ಅಂತಲ್ಲ. ವೈರಸ್ ಜಾಸ್ತಿ ಇದ್ದಲ್ಲಿ ಎಂಎಕ್ಸೂ ಜಾಸ್ತಿ ಇರುದುಂಟು. ಅದಕ್ಕೇ ಅದೇ ಸಿಡಿಎನ್‌ಎಯಲ್ಲಿ ನೋಡಾವೈರಸ್ಸಿನ ಪ್ರಮಾಣವನ್ನೂ ಅಳೆದು ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಎಂಎಕ್ಸ್ ಮೇಲೆ, ವೈರಸ್ ಕೆಳಗೆ ಇದ್ದ ಮೀನು ತಡ್ಕೊಂಡದ್ದು ಇರಬಹುದು, ಎರಡೂ ಮೇಲಿದ್ರೆ ಇನ್ನೂ ಯುದ್ಧ. ಎಂಎಕ್ಸ್ ಏಳ್ಲೇ ಇಲ್ಲ, ಉರಿಯೂತದ ಜೀನ್‌ಗಳಾದ ಐಎಲ್-1 ಬೀಟಾ, ಟಿಎನ್‌ಎಫ್ ಮಾತ್ರ ಎದ್ದಿದೆ ಅಂದ್ರೆ ವೈರಸ್ ಬಿಟ್ಟು ವಿಬ್ರಿಯೋ ಬ್ಯಾಕ್ಟೀರಿಯಾ ಕಡೆ ತಿರುಗಿ ನೋಡಿ. ಮತ್ತೆ ಬದುಕಿ ಉಳಿದ ಮೀನು ವೈರಸ್ ಹೊತ್ತುಕೊಂಡೇ ಇರ್ಬಹುದು, ಅದನ್ನ ಹೊಸ ಮರಿ ಜೊತೆ ಸೇರಿಸ್ಬೇಡಿ ಅಂತ ಸ್ಪಷ್ಟ ಹೇಳಿ. ಮುಂದಿನ ಸಲ ಮರಿ ತರುವಾಗ ನೋಡಾವೈರಸ್ ಪಿಸಿಆರ್ ಟೆಸ್ಟ್ ಆದದ್ದಾ ಕೇಳ್ಲಿಕ್ಕೆ ಹೇಳಿ, ಅವ್ರಿಗೆ ನಮ್ಮ ಗ್ರಾಫಿಗಿಂತ ಆ ಒಂದು ಮಾತು ಜಾಸ್ತಿ ಉಪಯೋಗಕ್ಕೆ ಬರ್ತದೆ.

ಜೀವ ಇರುವ ಮೀನಿಗೆ ದುಡ್ಡು ಕೊಡಿ. ಪ್ರಾಜೆಕ್ಟ್ ಬಜೆಟಲ್ಲಿ ಮೊದ್ಲೇ ಬರ್ಕೊಳ್ಳಿ, ಕಿಟ್ ಖರ್ಚಿನ ಮುಂದೆ ಅದು ಎಂತದ್ದೂ ಅಲ್ಲ. ನಾನು ಎರಡನೇ ಸಲ ಕೋಡಿಬೆಂಗ್ರೆಗೆ ಹೋದಾಗ ಮಾರ್ಕೆಟ್ ರೇಟಿನ ಲೆಕ್ಕದಲ್ಲಿ ದುಡ್ಡು ಮೊದ್ಲೇ ಕೈಗೆ ಕೊಟ್ಟೆ, ಅವ್ರೇ ದೋಣಿ ತಂದು, ಅವ್ರೇ ಬಲೆ ಹಾಕಿ, ತಿರುಗ್ತಾ ಇದ್ದ ಮರಿಯನ್ನೇ ಆರಿಸಿ ಒಂದೊಂದಾಗಿ ಕೈಗೆ ಕೊಟ್ರು, ನಾನು ಕೊಯ್ದೆ, ಅವ್ರ ಮಗ ಸ್ಟಾಪ್‌ವಾಚ್ ಹಿಡಿದ. ಆ ದಿನದ ಜೆಲ್ ಫೋಟೋ ಇನ್ನೂ ನನ್ನ ಫೋನಲ್ಲಿ ಉಂಟು, ಹದಿನೆಂಟು ಲೇನ್, ಹದಿನೆಂಟರಲ್ಲೂ ಎರಡೆರಡು ಬ್ಯಾಂಡ್.